ಹೆಡ್ ಮಾಸ್ತರರ ಮೂಗು ಮತ್ತು ನಮ್ಮ ‘ನಸುಗುನ್ನಿ’

ಗುಟ್ಟಾಗಿ ಮಾಡಬೇಕೆಂದು ಹೊರಟ ಕೆಲಸಕ್ಕೇ ಊರ ತುಂಬ ಡಂಗುರ ಆಗುತ್ತದೆ. ನಮ್ಮ ಪಾಲಿಗಂತೂ ಇದು ಒಮ್ಮೆಯೂ ತಪ್ಪಿಲ್ಲ.

ನಾನು ಗೋಕಾಕದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಹತ್ತರಗಿಯ ಒಬ್ಬ ಪೇಂಟರ್, ಮೂಡಲಗಿಯ ಒಬ್ಬ ಟೇಲರ್ ಅಕ್ಕ ಮತ್ತು ನಾನು ಸೇರಿ ವ್ಯಂಗ್ಯಚಿತ್ರ ಕಥೆಗಳ ಒಂದು ಕಳ್ಳ ಸಂಕಲನ ತಂದೆವು. ಹೆಸರು ‘ನಸುಗುನ್ನಿ’. ಮುಟ್ಟಿದವರು ತುರಿಸಿಕೊಳ್ಳಬೇಕು, ಬೆಳೆಸಿದವರು ಯಾರೆಂದು ತಿಳಿಯಬಾರದು. ಪೇಂಟರ್ ತನ್ನ ಭಾಗದ ಪುಢಾರಿಯನ್ನು ಬರೆದ, ಅಕ್ಕ ತನ್ನ ಅತ್ತೆಯನ್ನು ಬರೆದಳು, ನಾನು ನಮ್ಮ ಹೆಡ್ ಮಾಸ್ತರರನ್ನು ಬರೆದೆ. ನನ್ನ ಕಥೆಯಲ್ಲಿ ಅವರು ಕುರ್ಚಿಯಲ್ಲೇ ನಿದ್ದೆ ಹೊಡೆಯುತ್ತಾರೆ, ಮೂಗು ಹಾಜರಿ ಪುಸ್ತಕದ ಮೇಲೆ ಒರಗಿರುತ್ತದೆ, ಗೊರಕೆ ನಿಂತ ಕೂಡಲೇ ಸಿಪಾಯಿ ಪಿರಿಯಡ್ ಮುಗಿಯಿತೆಂದು ಬೆಲ್ ಹೊಡೆಯುತ್ತಾನೆ. ಬರೆದವನು ನಾನೆಂದು ಗೊತ್ತಾದರೆ ನನ್ನ ನೌಕರಿಗೆ ಎಳ್ಳುನೀರು ಬಿಟ್ಟ ಹಾಗೆಯೇ.

೧. ನೂರು ವರ್ಷದ ಸಾಕ್ಷಿ

ಗೋಕಾಕದಲ್ಲಿ ಝೆರಾಕ್ಸ್ ಮಾಡಿಸಿದರೆ ಎಲ್ಲರೂ ಗುರುತಿನವರು. ಅದಕ್ಕೆ ಹುಕ್ಕೇರಿಯ ಅಂಗಡಿಗೆ ಹೋದೆ. ಪ್ರತಿಗಳು ಆದ ಮೇಲೆ ಮೂಲ ಹಾಳೆಗಳನ್ನು ಹರಿದು ಒಗೆಯಬೇಕು, ಸಾಕ್ಷಿ ಉಳಿಯಬಾರದು ಎಂದು ನಮ್ಮೊಳಗೆ ಕರಾರಾಗಿತ್ತು. ಭಾಳ ಮಹತ್ವದ ಕಾಗದ, ಜೋಪಾನ ಎಂದು ಅಂಗಡಿಯವನಿಗೆ ಹೇಳಿ ನಾನು ಚಹಾಕ್ಕೆ ಹೋದೆ. ತಪ್ಪಾಗಿದ್ದು ಅಲ್ಲೇ. ಬರುವಷ್ಟರಲ್ಲಿ ಪುಣ್ಯಾತ್ಮ ಮೂಲ ಹಾಳೆಗಳನ್ನೆಲ್ಲ ಲ್ಯಾಮಿನೇಶನ್ ಮಾಡಿ ಬಿಸಿಬಿಸಿಯಾಗಿ ಜೋಡಿಸಿಟ್ಟಿದ್ದ. ಅವನ ಅಂಗಡಿಯಲ್ಲಿ ಮಹತ್ವದ ಕಾಗದ ಎಂದರೆ ಲ್ಯಾಮಿನೇಶನ್ ಆಗಲೇಬೇಕು.

ನಾನು ಒಂದನ್ನು ಹಿಡಿದು ಎಳೆದೆ. ಹರಿಯಲಿಲ್ಲ. ಹಲ್ಲಿನಿಂದ ಕಚ್ಚಿದೆ, ಹಲ್ಲೇ ನೊಂದಿತು. ನಾನು ಮಾಲು ಪರೀಕ್ಷೆ ಮಾಡುತ್ತಿದ್ದೇನೆಂದು ತಿಳಿದು ಅವನು ಖುಷಿಯಾದ.

“ಕಡದ್ರೂ ಹರಿಯೂದಿಲ್ರಿ. ಇನ್ನ ನೂರ ವರ್ಷ ಚಿಂತಿ ಇಲ್ಲ.”

ಮನೆಗೆ ಬಂದು ನೋಡಿದರೆ ಒಂದು ಹಾಳೆ ಕಡಿಮೆ. ಯಾವುದು ಅಂತೀರಿ? ಹೆಡ್ ಮಾಸ್ತರರದ್ದೇ.

೨. ಲಾರಿಯ ಬೆನ್ನಿಗೆ

ಝೆರಾಕ್ಸ್ ಪ್ರತಿಗಳನ್ನು ಅಕ್ಕ ತನ್ನ ಮಷೀನಿನಲ್ಲೇ ಹೊಲಿದಳು. ಗುರುತಿನವರ ಕೈಯಿಂದ ಕೈಗೆ ಎಲ್ಲವೂ ಹೋದ ಮೇಲೆ, ಪೇಂಟರನ ಪ್ರತಿ ಪುಟದ ಮೂಲೆಯಲ್ಲೂ ಅವನ ಹೆಸರು, ಊರು, ಮೊಬೈಲ್ ನಂಬರು ಇರುವುದು ಕಣ್ಣಿಗೆ ಬಿತ್ತು. ಯಾರ ಹೆಸರೂ ಇರಬಾರದೆಂದು ಆಣೆ ಮಾಡಿದವರಲ್ಲಿ ಅವನೇ ಮುಂದಿದ್ದ. ನಾನು ಸಿಟ್ಟಿನಿಂದ ಕೇಳಿದರೆ, ಇಪ್ಪತ್ತು ವರ್ಷ ಬೋರ್ಡು ಬರೆದ ಕೈ, ನಂಬರು ಹಾಕದಿದ್ದರೆ ಊಟ ಸೇರುವುದಿಲ್ಲ ಅಂದ.

ಎರಡೇ ದಿನಕ್ಕೆ ಫೋನು ಬಂತು. ಪುಢಾರಿಯದೇ ಎಂದು ಪೇಂಟರ್ ಹೆದರಿಕೊಂಡೇ ಎತ್ತಿದ. ಆದರೆ ಮಾತಾಡಿದವನು ಕಣಗಲಾ ಊರಿನ ಒಬ್ಬ ಲಾರಿ ಮಾಲೀಕ. “ನಿಮ್ಮ ಪುಸ್ತಕದಾಗ ಒಂದು ರಾಕ್ಷಸನ ಮಾರಿ ಐತಲ್ರಿ, ಭಾರಿ ಐತಿ. ನನ್ನ ಲಾರಿಗೆ ದೃಷ್ಟಿ ಆಗಾಕತ್ತೈತಿ. ಹಿಂದ ಅದನ್ನ ಬರದ ಕೊಡ್ರಿ.”

ಪುಸ್ತಕದಲ್ಲಿ ರಾಕ್ಷಸ ಎಲ್ಲೂ ಇರಲಿಲ್ಲ. ಇದ್ದವನು ಪುಢಾರಿ ಒಬ್ಬನೇ. ಪೇಂಟರ್ ಹೋಗಿ ಅದನ್ನೇ ಬರೆದು ಬಂದ. ಪುಢಾರಿಯ ಮುಖ ಈಗ ವಾರಕ್ಕೆ ಎರಡು ಸಲ ಪುಣೆಗೆ ಹೋಗಿ ಬರುತ್ತದೆ. ಲಾರಿಗೆ ಆಮೇಲೆ ದೃಷ್ಟಿ ಆಗಿಲ್ಲವಂತೆ.

೩. ಪಾಪದ ಸೊಸೆ

ಅಕ್ಕನ ಕಥೆಯಲ್ಲಿ ಅತ್ತೆಯ ಬಾಯಿ ಬಾವಿಯಷ್ಟಿತ್ತು. ಒಂದು ಪ್ರತಿ ಹೇಗೋ ಓಣಿಯ ಕಟ್ಟೆಗೆ ಬಂದು ಅತ್ತೆಯ ಕೈಗೇ ಸಿಕ್ಕಿತು. ಕನ್ನಡಕ ಇಲ್ಲವೆಂದು ಅವಳು ಬಾಜೂ ಮನೆಯವಳಿಂದ ಓದಿಸಿದಳು. ಒಳಗೆ ಅಕ್ಕ ಮಷೀನು ನಿಲ್ಲಿಸಿ, ಇವತ್ತು ತವರಿಗೆ ಬಸ್ಸು ಎಷ್ಟೊತ್ತಿಗೆ ಎಂದು ಯೋಚಿಸುತ್ತ ಕೂತಳು.

ಅತ್ತೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಮರುಗಿದಳು. “ಇಂಥಾ ಅತ್ತಿ ಕೈಯಾಗ ಆ ಹುಡುಗಿ ಹ್ಯಾಂಗರ ಬಾಳ್ವಿ ಮಾಡ್ತಾಳವ್ವಾ, ಪಾಪ.” ಅಷ್ಟು ಹೇಳಿ ಒಳಗೆ ತಿರುಗಿ, ಚಹಾ ಕೇಳಿ ಎಷ್ಟೊತ್ತಾಯಿತು, ಒಳಗೆ ಸತ್ತಿದ್ದೀಯಾ ಬದುಕಿದ್ದೀಯಾ ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು.

೪. ಕೈ ಪರೀಕ್ಷೆ

ಕಳೆದ ಹಾಳೆ ಸಿಕ್ಕಿದ್ದು ಹೆಡ್ ಮಾಸ್ತರರ ಟೇಬಲ್ಲಿನ ಮೇಲೆ. ಅವರ ಊರು ಹುಕ್ಕೇರಿ ಕಡೆ. ಆಧಾರ್ ಕಾರ್ಡು ಲ್ಯಾಮಿನೇಶನ್ ಮಾಡಿಸಲು ಅದೇ ಅಂಗಡಿಗೆ ಹೋಗಿದ್ದಾರೆ. ನಮ್ಮ ಪುಣ್ಯಾತ್ಮ ಸ್ಯಾಂಪಲ್ ಎಂದು ಇಟ್ಟುಕೊಂಡಿದ್ದ ಹಾಳೆಯನ್ನೇ ತೆಗೆದು ತೋರಿಸಿದ್ದಾನೆ, ಅವರು ಅದನ್ನು ಎತ್ತಿಕೊಂಡೇ ಬಂದಿದ್ದಾರೆ.

ನನ್ನನ್ನು ಕರೆಸಿದರು. ಇದು ನಮ್ಮ ಶಾಲೆಯವರದೇ ಕೆಲಸ, ನೀವೂ ಒಂದು ನನ್ನ ಚಿತ್ರ ತೆಗೆಯಿರಿ, ಕೈ ತಾಳೆ ನೋಡೋಣ ಅಂದರು. ಬಲಗೈ ಉಳುಕಿದೆ ಎಂದು ಸುಳ್ಳು ಹೇಳಿ ಎಡಗೈಯಲ್ಲಿ ಬರೆದೆ. ಬದನೆಕಾಯಿಗೆ ಕಿವಿ ಬಂದ ಹಾಗಾಯಿತು.

ಅವರು ಎರಡನ್ನೂ ನೋಡಿದರು. “ನೀವಲ್ಲ, ಹೋಗ್ರಿ ಮಾಸ್ತರ. ಇದನ್ನ ತಗದಾಂವ ಖರೇ ಕಲಾವಿದ. ನಿಮಗ ಇಷ್ಟ ಬರ್ತಿದ್ರ ಹತ್ತ ವರ್ಷ ಮಾವಿನಕಾಯಿ ತಗಿಸ್ಕೋತ ಇಲ್ಲೇ ಯಾಕ ಕೂಡ್ತಿದ್ರಿ?”

ನೌಕರಿ ಉಳಿದಿತ್ತು. ಬಾಗಿಲ ತನಕ ಹೋದೆ. ಆದರೆ ಆ ಮಾವಿನಕಾಯಿಯ ಮಾತು ಮುಂದೆ ಹೋಗಗೊಡಲಿಲ್ಲ. ತಿರುಗಿ ಬಂದು, ತೆಗೆದವನು ನಾನೇ ಎಂದುಬಿಟ್ಟೆ.

ಅವರು ನಂಬಲಿಲ್ಲ. ಇನ್ನೊಬ್ಬರ ಕೆಲಸವನ್ನು ನನ್ನದು ಅನ್ನುವುದು ಮಾಸ್ತರಿಗೆ ಶೋಭಿಸುವುದಿಲ್ಲ ಎಂದು ಬುದ್ಧಿ ಹೇಳಿದರು. ನನಗೆ ತಡೆಯಲಾಗಲಿಲ್ಲ. ಹತ್ತೇ ನಿಮಿಷ ಕೂತಿರಿ, ಈಗ ಬಲಗೈಯಲ್ಲಿ ತೆಗೆದು ತೋರಿಸುತ್ತೇನೆ ಎಂದು ಗೋಗರೆದೆ. ಆಗಲಿ ಎಂದು ಕುರ್ಚಿಗೆ ಒರಗಿ, ಗತ್ತಿನಿಂದ ಮೀಸೆ ತೀಡಿ ಕೂತರು.

ಐದು ನಿಮಿಷಕ್ಕೆ ಕಣ್ಣು ಮುಚ್ಚಿದವು. ಏಳನೆಯ ನಿಮಿಷಕ್ಕೆ ಮೂಗು ಹಾಜರಿ ಪುಸ್ತಕದ ಮೇಲೆ ಬಂತು, ಗೊರಕೆ ಶುರುವಾಯಿತು. ನಾನು ಮೂಗಿನ ಒಂದು ಕೂದಲನ್ನೂ ಬಿಡದೆ ಬರೆದೆ. ಕೊನೆಯ ಗೆರೆ ಎಳೆಯುವಾಗ ಗೊರಕೆ ನಿಂತಿತು. ಹೊರಗೆ ಸಿಪಾಯಿ ಬೆಲ್ ಹೊಡೆದ.

ಹೆಡ್ ಮಾಸ್ತರರು ದಡಬಡಿಸಿ ಎದ್ದರು. ಲ್ಯಾಮಿನೇಶನ್ ಹಾಳೆ ನೋಡಿದರು, ನನ್ನ ಹಾಳೆ ನೋಡಿದರು, ಬೆಲ್ಲಿನ ಕಡೆ ಒಮ್ಮೆ ನೋಡಿದರು. ಮೊದಲನೆಯದನ್ನು ಹರಿಯಲು ಎಳೆದರು, ಅದು ಜಗ್ಗಲಿಲ್ಲ. ನಾನು ಕೈಕಟ್ಟಿ ನಿಂತಿದ್ದೆ. ಕಡೆಗೆ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು.

“ನೀವ ತಗದೀರಿ, ಒಪ್ಪಿದ್ನಿ. ಆದ್ರ ಎರಡರ ಕೆಳಗೂ ಬರೀರಿ: ಹೆಡ್ ಮಾಸ್ತರ್ ಕಣ್ಣ ಮುಚ್ಚಿ ವಿಚಾರ ಮಾಡಾಕತ್ತಾರ.”