ಲಗ್ನದ ಸೂಟಿನ ಎರಡು ಇಂಚು

ನಮ್ಮ ಮನೆಯಲ್ಲಿ ಬಟ್ಟೆಯ ಕೆಲಸ ಯಾವತ್ತೂ ಒಂದೇ ಸಲಕ್ಕೆ ಮುಗಿದದ್ದಿಲ್ಲ. ಪರದೆ ಹೊಲಿಸಿದರೆ ಕಿಟಕಿಗಿಂತ ಗಿಡ್ಡ, ದಿಂಬಿನ ಚೀಲ ಹೊಲಿಸಿದರೆ ದಿಂಬಿಗಿಂತ ಉದ್ದ. ಹಾಗಾಗಿ ಮೊಮ್ಮಗನ ಮದುವೆಗೆ ಸೂಟು ಬೇಕು ಎಂದಾಗಲೇ, ಮೂರು ತಿಂಗಳು ಮೊದಲೇ ಶುರು ಮಾಡಿ ಎಂದು ಹೇಳಿದ್ದೆ. ಶುರು ಮಾಡಿದೆವು. ಮದುವೆಯ ದಿನ ಅಕ್ಷತೆಗೆ ಹತ್ತು ನಿಮಿಷ ಉಳಿದಿದ್ದಾಗಲೂ ಅದು ಮುಗಿದಿರಲಿಲ್ಲ.

ನಾನು ಚಾಮರಾಜನಗರದ ಕಡೆಯವಳು. ಯಜಮಾನರಿಗೆ ಬೀದರಿನಲ್ಲಿ ಮಾಸ್ತರಿಕೆ ಸಿಕ್ಕಿತೆಂದು ನಕ್ಷೆಯ ಬುಡದಿಂದ ನೆತ್ತಿಗೆ ಬಂದವಳು, ಐವತ್ತು ವರ್ಷದಿಂದ ಇಲ್ಲೇ ಇದ್ದೇನೆ. ಮೊಮ್ಮಗ ಇಲ್ಲಿಯ ರೂಢಿಯಂತೆ ನನ್ನನ್ನು ಆಯಿ ಎನ್ನುತ್ತಾನೆ. ನಾನು ಬಾಯಿ ತೆರೆದರೆ ಮಾತ್ರ ಓಣಿಯವರಿಗೆ ಇನ್ನೂ ರೇಡಿಯೋದಲ್ಲಿ ವಾರ್ತೆ ಕೇಳಿದ ಹಾಗಾಗುತ್ತದಂತೆ.

ಮೊಮ್ಮಗ ಕಮಠಾಣದ ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ತರ. ದಿನಾ ಬೆಳಿಗ್ಗೆ ಹತ್ತು ಕಿಲೋಮೀಟರ್ ಓಡುತ್ತಾನೆ. ಭುಜ ಅಗಲ, ಸೊಂಟ ಸಣ್ಣ, ಹೊಟ್ಟೆ ಇರಬೇಕಾದ ಜಾಗದಲ್ಲಿ ಏನೂ ಇಲ್ಲ. ಭುಜಕ್ಕೆ ದೊಡ್ಡವರ ಕೋಟು ಬೇಕು, ಸೊಂಟಕ್ಕೆ ಕಾಲೇಜು ಹುಡುಗನದು. ಇಂಥ ಮೈಯೂ ಇರುತ್ತದೆ ಎಂದು ಸೂಟು ಮಾಡುವವರಿಗೆ ಯಾರೂ ತಿಳಿಸಿದಂತಿಲ್ಲ.

೧. ನಾಲ್ಕು ಕ್ಲಿಪ್ಪು

ಮೊದಲು ಬೀದರಿನದೇ ಒಂದು ರೆಡಿಮೇಡ್ ಅಂಗಡಿಗೆ ಹೋದೆವು. ನಿಶ್ಚಿತಾರ್ಥಕ್ಕಾದರೂ ಒಂದು ಕೋಟು ಇರಲಿ ಎಂದು.

ಮೊದಲನೆಯ ಕೋಟು ಭುಜಕ್ಕೆ ಸರಿಯಾಯಿತು, ಸೊಂಟದ ಹತ್ತಿರ ಗಾಳಿಗೆ ಹಾರಾಡಿತು. ಎರಡನೆಯದು ಸೊಂಟಕ್ಕೆ ಸರಿಯಾಯಿತು, ಹುಡುಗನಿಗೆ ಕೈ ಎತ್ತಲು ಬರಲಿಲ್ಲ. ಮೂರು, ನಾಲ್ಕು, ಐದು ಎಲ್ಲ ಹೀಗೇ ಆದ ಮೇಲೆ ಅಂಗಡಿಯವರು ಮೊದಲನೆಯದನ್ನೇ ಮತ್ತೆ ತೊಡಿಸಿ, ಜೇಬಿನಿಂದ ಬಟ್ಟೆ ಒಣಹಾಕುವ ಕ್ಲಿಪ್ಪು ತೆಗೆದು ಬೆನ್ನಿನ ಮೇಲೆ ನಾಲ್ಕು ಸಿಕ್ಕಿಸಿದರು. ಕನ್ನಡಿಯಲ್ಲಿ ನೋಡಿದರೆ ಹುಡುಗ ರಾಜಕುಮಾರನ ಹಾಗಿದ್ದ. ತಿರುಗಿದರೆ ನಮ್ಮ ಮಾಳಿಗೆಯ ಬಟ್ಟೆ ಹಗ್ಗದ ಹಾಗಿದ್ದ.

"ಹಿಂದೆ ಕ್ಲಿಪ್ಪು ಕಾಣುತ್ತಲ್ಲಪ್ಪ" ಎಂದೆ.

"ಹಿಂದ ಯಾರು ನೋಡ್ತಾರ್ರಿ ಅಮ್ಮಾರ? ಸ್ಟೇಜ್ ಮ್ಯಾಲ ಹಿಂದ ಪರದಿ ಇರ್ತದ. ಫೋಟೋದಾಂವ ಮುಂದ ನಿಂತಿರ್ತಾನ."

ಮೊಮ್ಮಗ ಹೇಳಿದ: "ಹಿರ್‍ಯಾರು ಆಶೀರ್ವಾದ ಮಾಡೂಮುಂದ ಬೆನ್ನ ಮ್ಯಾಲೇ ಕೈ ಇಡ್ತಾರ್ರಿ. ಯಾರರೆ ಕ್ಲಿಪ್ ಕಿತ್ತಿದ್ರ ನಾ ಸ್ಟೇಜ್ ಮ್ಯಾಲ ನಿಂತಲ್ಲೇ ದಪ್ಪ ಆಗ್ತೇನಿ."

ಅಂಗಡಿಯವರು ಬೆನ್ನಿನ ಕ್ಲಿಪ್ಪುಗಳನ್ನು ಒಮ್ಮೆ ಎಣಿಸಿದರು.

"ಅದಕ್ಕೇ ನಾಲ್ಕ ಹಚ್ಚೇನ್ರಿ" ಎಂದರು. "ಒಂದ ಹೋದ್ರ ಮೂರ ಇರ್ತಾವ."

೨. ಅಳತೆಯ ಅಂಗಿ

ನಿಶ್ಚಿತಾರ್ಥ ಬರೀ ಅಂಗಿಯಲ್ಲೇ ಆಯಿತು. ಹೆಣ್ಣಿನವರು ಭಾಲ್ಕಿಯವರು. ಹುಡುಗಿಯ ತಂದೆಗೆ ಅಲ್ಲಿ ಕಾಳುಕಡಿಯ ವ್ಯಾಪಾರ. ನಮ್ಮ ಬೀಗರಾಗುವವರು. ಅವರು ಅಲ್ಲೇ ಎಲ್ಲರ ಮುಂದೆ ಹೇಳಿದರು:

"ಸೂಟಿಂದು ನೀವು ಚಿಂತಿ ಮಾಡಬ್ಯಾಡ್ರಿ. ಅಳಿಯಗ ಸೂಟ ಕೊಡೋದು ನಮ್ಮ ಮನಿ ಪದ್ಧತಿ ಅದ. ನನ್ನ ಲಗ್ನದ ಸೂಟ ಹೊಲದ ಟೇಲರ್ ಇನ್ನಾ ಅದಾನ. ಅಳತಿಗಿ ಒಂದು ಅಂಗಿ ಕಳಸ್ರಿ, ಸಾಕು."

ಬೀಗರು ಕೊಟ್ಟ ಸೂಟು ತೊಟ್ಟು ಮದುಮಗ ಮೆರವಣಿಗೆಯಲ್ಲಿ ಬರಬೇಕು, ಆಮೇಲೆ ಅದನ್ನು ಬಿಚ್ಚಿ ಧೋತರ ಉಟ್ಟು ಅಕ್ಷತೆಗೆ ನಿಲ್ಲಬೇಕು. ಸೂಟು ಚೆನ್ನಾಗಿ ಕೂತರೆ ಬೀಗರ ಮರ್ಯಾದೆ, ಕೂರದಿದ್ದರೆ ಊರೆಲ್ಲ ಮಾತು.

ಅಂಗಿ ಕಳಿಸುವ ದಿನ ಮೊಮ್ಮಗ ಶಾಲೆಯ ಮಕ್ಕಳನ್ನು ಕರೆದುಕೊಂಡು ಆಟದ ಪಂದ್ಯಕ್ಕೆ ಹೋಗಿದ್ದ. ಅವನ ಕಪಾಟು ತೆರೆದೆ. ಬೆನ್ನಿಗೆ ನಂಬರು ಬರೆದ ಬನಿಯನ್ನುಗಳು, ಕಾಲರು ಮಾಸಿದ ಎರಡು ಅಂಗಿ. ಇಂಥದ್ದನ್ನು ಬೀಗರ ಮನೆಗೆ ಕಳಿಸುವುದೇ? ಇಸ್ತ್ರಿಯಾಗಿ ಬಂದಿದ್ದ ಬಟ್ಟೆಯಲ್ಲಿ ಎಲ್ಲಕ್ಕಿಂತ ಬೆಳ್ಳಗಿದ್ದ ಅಂಗಿಯನ್ನು ಆರಿಸಿ, ಕಾಗದದಲ್ಲಿ ಸುತ್ತಿ, ಭಾಲ್ಕಿ ಬಸ್ಸಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಕೊಟ್ಟೆ. ಮರ್ಯಾದೆ ಉಳಿಸಿದೆ ಎಂದುಕೊಂಡೆ.

ಅದು ನನ್ನ ಮಗನ ಅಂಗಿ. ನನ್ನ ಮಗ ಊಟಕ್ಕೆ ಕುಳಿತರೆ ತಟ್ಟೆಗಿಂತ ಮೊದಲು ಅವನ ಹೊಟ್ಟೆ ಮೇಜಿಗೆ ತಾಗುತ್ತದೆ.

ತಿಂಗಳಾದ ಮೇಲೆ ಸೂಟು ಬಂತು. ಕಡು ನೀಲಿ, ಒಳ್ಳೆಯ ಬಟ್ಟೆ. ಮೊಮ್ಮಗ ತೊಟ್ಟರೆ ಒಳಗೆ ಇನ್ನೊಬ್ಬ ಮದುಮಗನಿಗೆ ಜಾಗವಿತ್ತು. ನನ್ನ ಮಗ "ಕೊಡಿಲ್ಲಿ, ನೋಡೋಣು" ಎಂದು ತಾನು ತೊಟ್ಟ. ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ತೆಗೆದದ್ದೇ ಅವನ ಅಳತೆ ಎಂದು ನನಗೆ ಗೊತ್ತಾದದ್ದು ಆಗ. ಅವನು ಕನ್ನಡಿಯ ಮುಂದಿನಿಂದ ಕದಲಲಿಲ್ಲ.

"ನನಗ ಎಷ್ಟ ಚಂದ ಕೂತದ ನೋಡು" ಎಂದ ಹೆಂಡತಿಗೆ.

ನನ್ನ ಸೊಸೆ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಹಂಗಾದ್ರ ಕುದರಿನೂ ನೀವೇ ಹತ್ತ್ರಿ" ಎಂದಳು. "ಹುಡುಗ ಹಿಂದ ನಡಕೋತ ಬರ್ತಾನ."

೩. ಭಾಲ್ಕಿಯ ಟೇಲರ್

ಕೊಟ್ಟ ಸೂಟನ್ನು ಸರಿಯಿಲ್ಲ ಎಂದು ಬೀಗರಿಗೆ ಹೇಳುವ ಹಾಗಿಲ್ಲ. ತಪ್ಪು ಅಂಗಿ ಕಳಿಸಿದ್ದು ನಾನೇ ಎಂದು ಹೇಳಲಂತೂ ನನಗೆ ಮನಸ್ಸಿಲ್ಲ. ಅದಕ್ಕೆ ಒಂದು ಭಾನುವಾರ ಮೊಮ್ಮಗನೂ ನಾನೂ ಸೂಟನ್ನು ಚೀಲದಲ್ಲಿ ಹಾಕಿಕೊಂಡು, ಯಾರಿಗೂ ಹೇಳದೆ, ನೇರವಾಗಿ ಭಾಲ್ಕಿಯ ಟೇಲರ್ ಅಂಗಡಿಗೇ ಹೋದೆವು.

ಟೇಲರ್ ನನ್ನ ವಯಸ್ಸಿನವರೇ. ಕೊರಳಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು. ಎದೆ ಅಳೆದರು, ಸೊಂಟ ಅಳೆದರು. ಟೇಪನ್ನು ಕಣ್ಣ ಹತ್ತಿರ ತಂದು ನೋಡಿ, ಅದರ ಮೇಲೇ ಅನುಮಾನ ಬಂದು, ಇನ್ನೊಂದು ಟೇಪು ತಂದು ಮತ್ತೆ ಅಳೆದರು.

"ಉಪವಾಸ ಹಿಡದೀರೇನ್ರಿ?" ಎಂದು ಕೇಳಿದರು.

"ಇಲ್ರಿ. ದಿನಾ ಹತ್ತ ಕಿಲೋಮೀಟರ್ ಓಡ್ತೇನಿ."

"ಯಾರು ಬೆನ್ನ ಹತ್ತ್ಯಾರ್ರಿ?"

ಯಾರೂ ಇಲ್ಲ, ಸುಮ್ಮನೆ ಓಡುತ್ತಾನೆ ಎಂದು ನಾನು ಹೇಳಿದೆ. ಸುಮ್ಮನೆ ಯಾರಾದರೂ ಓಡುತ್ತಾರೆಯೇ ಎಂಬಂತೆ ನನ್ನನ್ನು ನೋಡಿದರು. ಆದರೂ ಒಳ್ಳೆಯ ಮನುಷ್ಯ. ಬೀಗರಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟು, ಸಂಜೆಯೊಳಗೆ ಭುಜ, ತೋಳು, ಪ್ಯಾಂಟು ಎಲ್ಲ ಸರಿ ಮಾಡಿಕೊಟ್ಟರು. ಕೋಟಿನ ಸೊಂಟ ಮಾತ್ರ ಎರಡು ಇಂಚು ದೊಡ್ಡದಾಗಿಯೇ ಉಳಿಯಿತು.

"ಇಲ್ಲಿ ಇನ್ನಾ ಸಡ್ಲ ಅದರಿ" ಎಂದ ಮೊಮ್ಮಗ.

"ಅದು ಮುದ್ದಾಂ ಬಿಟ್ಟೇನಿ. ಲಗ್ನದ ಸೂಟಿಗಿ ಎರಡ ಇಂಚ ಬಿಡಬೇಕು. ನಮ್ಮಪ್ಪ ಬಿಡ್ತಿದ್ದ, ನಾ ಬಿಡ್ತೇನಿ. ಲಗ್ನ ಆಗಿ ಸಣ್ಣ ಆದಾಂವಗ ಇನ್ನಾತನಾ ಒಬ್ಬಗೂ ನೋಡಿಲ್ಲ."

"ನಾ ದಪ್ಪ ಆಗಂಗಿಲ್ರಿ. ನಾ ಓಡ್ತೇನಿ."

ಟೇಲರ್ ಟೇಪನ್ನು ಸಾವಕಾಶ ಸುತ್ತಿಟ್ಟರು.

"ಈಗ ಓಡ್ತೀರಿ" ಎಂದರು. "ಲಗ್ನ ಆದ ಮ್ಯಾಲ ಎಲ್ಲಿಗಿ ಓಡ್ತೀರಿ?"

೪. ಔರಾದಿನ ಊಟ

ಮದುವೆಗೆ ಮೊದಲು ನೆಂಟರು ಮದುಮಗನನ್ನು ಊಟಕ್ಕೆ ಕರೆಯುವ ಪದ್ಧತಿ ಇಲ್ಲಿದೆ. ಹುಡುಗಿಯ ಸೋದರಮಾವ ಮತ್ತು ಅವರ ಹೆಂಡತಿ ಇರುವುದು ಔರಾದಿನಲ್ಲಿ. ಮಾಮಿಯವರು ಫೋನು ಮಾಡಿ, "ಬರೂಮುಂದ ಸೂಟ ತರ್‍ರಿ, ನಾವೂ ಕಣ್ಣಿಲೆ ನೋಡ್ತೇವಿ" ಎಂದರು. ಮದುವೆಗೆ ಇನ್ನು ಎಂಟೇ ದಿನ.

ಹುಡುಗ ಕೋಟು ತೊಟ್ಟು ನಿಂತ. ಮಾಮಾ ಅವನ ಸುತ್ತ ಒಂದು ಸುತ್ತು ಹಾಕಿ, ಸೊಂಟದ ಹತ್ತಿರ ಕೋಟನ್ನು ಹಿಡಿದು ನೋಡಿದರು.

"ಸೂಟ ಬರೋಬರ್ ಅದ" ಎಂದರು. "ಅಳಿಯಾನೇ ಕಮ್ಮಿ ಇದ್ದಾನ. ಕೋಟ ಕಳೀಬ್ಯಾಡ್ರಿ, ಹಂಗೇ ಊಟಕ್ಕ ಕೂಡ್ರಿ."

ಹೂರಣದ ಹೋಳಿಗೆ, ಮೇಲೆ ತುಪ್ಪ, ಪಕ್ಕದಲ್ಲಿ ಭಜಿ. ಹುಡುಗ ಎರಡು ಹೋಳಿಗೆ ಮುಗಿಸಿ ಕೈ ಅಡ್ಡ ಹಿಡಿದ. ಮಾಮಾ ಕೋಟಿನೊಳಗೆ ಎರಡು ಬೆರಳು ತೂರಿಸಿ ನೋಡಿ, "ಇನ್ನಾ ಜಾಗ ಅದ" ಎಂದು ಮತ್ತೊಂದು ಹಾಕಿಸಿದರು. ಹೀಗೆ ಬೆರಳು ತೂರಿಸುತ್ತಾ ಹೋಳಿಗೆ ಹಾಕಿಸುತ್ತಾ ಆರಕ್ಕೆ ಬಂದರು. ಆರನೆಯದಾದ ಮೇಲೆ ಒಂದೇ ಬೆರಳು ಹೋಯಿತು. ಮಾಮಾ ಎಲ್ಲರ ಕಡೆ ನೋಡಿದರು. "ಇನ್ನಾ ಎಂಟ ದಿನ ಇಲ್ಲೇ ಬಿಡ್ರಿ, ಟೇಲರ್ ಕೆಲಸಾನೇ ಇಲ್ಲ."

ಮಾಮಿ ನನ್ನನ್ನು ಮೆಲ್ಲಗೆ ಒಳಗೆ ಕರೆದರು. "ಗಂಡಸರ ಕೈಲಿ ಇದು ಆಗೂದಲ್ಲ ಅಮ್ಮಾರ. ನಮ್ಮ ಬಾಜೂ ಮನಿಯಾಗ ಸಂತಪುರದ ಹೆಣ್ಣಮಗಳು ಬ್ಲೌಸ್ ಹೊಲೀತಾಳ. ಅಕಿಗಿ ತೋರಸೋಣ."

ಆ ಹೆಣ್ಣುಮಗಳು ಬಂದು ಹುಡುಗನನ್ನು ಒಮ್ಮೆ ನೋಡಿದಳು. ಟೇಪನ್ನೂ ತೆಗೆಯಲಿಲ್ಲ.

"ಭುಜ ಅಗಲ, ಟೊಂಕ ಸಣ್ಣ. ಇದರಾಗೇನದ? ದಿನಾ ಹೊಲಿಯೋದೇ ಇದು. ನಾಲ್ಕ ಟಕ್ಸ್ ಹಿಡದ್ರ ಆಯ್ತು" ಎಂದಳು. ಟಕ್ಸ್ ಎಂದರೆ ಬ್ಲೌಸು ಮೈಗೆ ಕೂರಲಿ ಎಂದು ಒಳಗೆ ಹಿಡಿಯುವ ಮಡಿಕೆ.

ಮೊಮ್ಮಗನ ಮುಖ ಇಳಿದುಹೋಯಿತು. ಕೋಟನ್ನು ಅವಳ ಹತ್ತಿರವೇ ಬಿಟ್ಟು ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದ:

"ಆಯಿ, ಬ್ಲೌಸ್ ಹೊಲಿಯೋರು ನನ್ನ ಕೋಟ ಹೊಲದಾರ ಅಂತ ಸಾಲಿ ಹುಡುಗರಿಗಿ ಗೊತ್ತಾದ್ರ ನಾ ಮತ್ತ ಸೀಟಿ ಊದೋ ಹಂಗಿಲ್ಲ."

ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿದೆ. ಹೇಳುವ ಅಗತ್ಯವೇ ಬೀಳಲಿಲ್ಲ.

೫. ಅಕ್ಷತೆಗೆ ಹತ್ತು ನಿಮಿಷ

ಮದುವೆ ಬೀದರಿನಲ್ಲಿ. ಬೆಳಿಗ್ಗೆ ಮಾಮಿ ಔರಾದಿನಿಂದ ಕೋಟು ತಂದು, "ಉಸರ ಹಿಡೀರಿ" ಎಂದು ತಾವೇ ಹುಡುಗನಿಗೆ ತೊಡಿಸಿದರು. ಅವನು ಫೋನಿನಲ್ಲಿ ಗೆಳೆಯನಿಗೆ ದಾರಿ ಹೇಳುತ್ತಿದ್ದ, ಏನು ನಡೆಯುತ್ತಿದೆ ಎಂದು ನೋಡಿಕೊಳ್ಳಲಿಲ್ಲ. ಕನ್ನಡಿಗೆ ತಿರುಗಿದವನು ಫೋನು ಕೆಳಗಿಳಿಸಿದ. ಇಷ್ಟು ವರ್ಷ ಅವನ ಮೈಗೆ ಸರಿಯಾಗಿ ಕೂತ ಬಟ್ಟೆಯನ್ನು ನಾನು ನೋಡಿಯೇ ಇರಲಿಲ್ಲ.

ಮೆರವಣಿಗೆಯಲ್ಲಿ ಜನ ಕುದುರೆಗಿಂತ ಹೆಚ್ಚು ಕೋಟನ್ನೇ ನೋಡಿದರು. ಬೀಗರು ಭಾಲ್ಕಿಯ ಟೇಲರನ್ನು ಜೊತೆಗೇ ಕರೆತಂದಿದ್ದರು. ಸಿಕ್ಕವರಿಗೆಲ್ಲ ಅವರ ಹೆಗಲ ಮೇಲೆ ಕೈ ಹಾಕಿ, "ಇವರ ಕೈ ಅದರಿ ಅದು" ಎನ್ನುತ್ತಿದ್ದರು. ಟೇಲರ್ ತಲೆ ಅಲ್ಲಾಡಿಸುತ್ತಿದ್ದರು. ಆದರೆ ಕಣ್ಣು ಮಾತ್ರ ಕೋಟಿನ ಸೊಂಟದ ಮೇಲೇ ಇತ್ತು. ತಾವು ಬಿಟ್ಟ ಎರಡು ಇಂಚು ಎಲ್ಲಿ ಹೋಯಿತು ಎಂದು ಅವರು ಹುಡುಕುತ್ತಿದ್ದಾರೆಂದು ನನಗೊಬ್ಬಳಿಗೆ ಗೊತ್ತಿತ್ತು.

ಮಂಟಪಕ್ಕೆ ಬಂದದ್ದೇ ತಡವಾಗಿತ್ತು. ಹುಡುಗ ಧೋತರ ಉಡಲು ಕೋಣೆಗೆ ಹೋದ. ಅಕ್ಷತೆಗೆ ಹತ್ತು ನಿಮಿಷ ಇರುವಾಗ ನನ್ನ ಮಗ ಓಡಿಬಂದ.

"ಅಮ್ಮಾ, ಕೋಟ ಬಿಚ್ಚವಲ್ದು."

ಹೋಗಿ ನೋಡಿದರೆ ಕೋಣೆಯ ತುಂಬ ಗಂಡಸರು. ಕೋಟಿನ ಎರಡೂ ಗುಂಡಿ ಬಿಚ್ಚಿದ್ದಾರೆ, ಕೋಟು ತೆರೆದುಕೊಳ್ಳುತ್ತಿಲ್ಲ. ಗೆಳೆಯನೊಬ್ಬ ಹಿಂದಿನಿಂದ ಎಳೆಯುತ್ತಿದ್ದ. ಇನ್ನೊಬ್ಬ ಅಂಗಿ ಕಳೆದ ಹಾಗೆ ತಲೆಯ ಮೇಲಿಂದ ತೆಗೆಯಲು ಹೋಗಿ ಮದುಮಗನ ಮುಖ ಕಾಣದ ಹಾಗೆ ಮಾಡಿದ್ದ. ಹೊರಗಿನಿಂದ ಮದುವೆ ಮಾಡಿಸುವ ಅಯ್ಯನವರು, "ವರ ಬರ್‍ಲಿ, ಹೊತ್ತ ಮೀರ್ತದ" ಎಂದು ಮೈಕಿನಲ್ಲಿ ಕರೆಯುತ್ತಿದ್ದರು. ಯಾರೋ ಕತ್ತರಿ ಕೇಳಿದರು.

ಅಷ್ಟರಲ್ಲಿ ಟೇಲರ್ ನುಗ್ಗಿಬಂದರು. "ಕತ್ತರಿ ಹಚ್ಚಬ್ಯಾಡ್ರಿ. ಸರೀರಿ, ನಾ ಹೊಲದಿದ್ದು ಕೋಟ ಅದು." ಕನ್ನಡಕ ಏರಿಸಿ, ಬಗ್ಗಿ, ಗುಂಡಿ ನೋಡಿದರು, ಕಾಜಾ ನೋಡಿದರು, ಹೊಲಿಗೆಯ ಮೇಲೆ ಬೆರಳಾಡಿಸಿದರು. ಎದ್ದು ನಿಂತು ಬೆವರು ಒರೆಸಿಕೊಂಡರು.

"ಇದು ಹ್ಯಾಂಗ ಮುಚ್ಚ್ಯದ ಅಂತೇ ತಿಳಿವಲ್ದು."

ನಾನು ಮುಂದೆ ಹೋಗಿ ಅಂಚಿನೊಳಗೆ ಕೈ ಹಾಕಿದೆ. ಬೆರಳಿಗೆ ಕೂಡಲೇ ಗೊತ್ತಾಯಿತು. ಗುಂಡಿಯ ಮೇಲೆ ಭಾರ ಬಿದ್ದರೆ ಟಕ್ಸ್ ಎಳೆಯುತ್ತದೆಂದು ಆ ಪುಣ್ಯಾತಿಗಿತ್ತಿ ಗುಂಡಿಯನ್ನು ಬರೀ ಅಂದಕ್ಕೆ ಬಿಟ್ಟು, ಒಳಗೆ ಬ್ಲೌಸಿಗೆ ಹಚ್ಚುವ ಹಾಗೆ ಸಾಲಾಗಿ ನಾಲ್ಕು ಹುಕ್ಕು ಹಚ್ಚಿದ್ದಳು. ಬಿಚ್ಚಲು ನನಗೆ ನಾಲ್ಕು ಕ್ಷಣವೂ ಹಿಡಿಯಲಿಲ್ಲ.

ಗೆಳೆಯರು ಹುಕ್ಕು ನೋಡಿದರು, ಮದುಮಗನನ್ನು ನೋಡಿದರು. ಮದುಮಗ ಧೋತರದ ಕಡೆ ನೋಡಿದ. ಟೇಲರ್ ಕೋಟನ್ನು ಬೆಳಕಿಗೆ ಹಿಡಿದು ಒಳಗಿನ ಟಕ್ಸ್ ಒಂದೊಂದಾಗಿ ನೋಡಿದರು.

"ಯಾರ್ ಹೊಲದಾರ್ರಿ ಅಮ್ಮಾರ?"

"ಔರಾದಿನಲ್ಲಿ ಬ್ಲೌಸ್ ಹೊಲಿಯೋ ಒಬ್ಬ ಹೆಣ್ಣುಮಗಳು ಕಣ್ರೀ" ಎಂದೆ. ಇನ್ನು ಮುಚ್ಚಿಡಲು ಏನು ಉಳಿದಿತ್ತು?

ಸಿಟ್ಟಾಗುತ್ತಾರೆ ಎಂದುಕೊಂಡೆ. ಟೇಲರ್ ಮಡಿಕೆಯನ್ನು ಬೆರಳಲ್ಲಿ ಹಿಡಿದು, ಒಳಗಿನ ಬಟ್ಟೆ ಎಣಿಸಿ, ಮುಖ ಅರಳಿಸಿದರು.

"ಶ್ಯಾಣಾಕಿ ಇದ್ದಾಳ. ನನ್ನ ಎರಡ ಇಂಚ ಕತ್ತರಿಸಿಲ್ಲ, ಒಳಗ ಮಡಚಿ ಇಟ್ಟಾಳ. ಅಕಿಗೂ ಗೊತ್ತದ."

ಅಕ್ಷತೆ ಹೊತ್ತಿಗೆ ಸರಿಯಾಗಿ ಬಿತ್ತು. ಬೀಗರಿಗೆ ಹುಕ್ಕಿನ ಸುದ್ದಿ ಗೊತ್ತಾಗಿ, ಅವರು ನಕ್ಕು, ನಾನು ಕಳಿಸಿದ ಅಂಗಿಯ ಕಥೆಯೂ ಹೊರಬಂದು, ಅದಕ್ಕೂ ನಕ್ಕರು. ಶಾಲೆಯ ಹುಡುಗರಿಗೆ ಮಾತ್ರ ಇನ್ನೂ ಗೊತ್ತಿಲ್ಲ.

ಮೊನ್ನೆ, ಮದುವೆಯಾಗಿ ಎಂಟು ತಿಂಗಳಾದ ಮೇಲೆ, ಗೆಳೆಯನ ಮದುವೆಗೆ ಹೋಗಬೇಕೆಂದು ಮೊಮ್ಮಗ ಕೋಟು ಹಿಡಿದುಕೊಂಡು ನನ್ನ ಕೋಣೆಗೆ ಬಂದ. ಹೆಂಡತಿಗೆ ಕೇಳಿಸಬಾರದೆಂದು ಬಾಗಿಲು ಮುಚ್ಚಿದ.

"ಆಯಿ, ಆ ಔರಾದದವ್ರ ಫೋನ್ ನಂಬರ್ ಅದ ಏನು? ಎರಡ ಟಕ್ಸ್ ಬಿಚ್ಚಸಬೇಕು."

"ಯಾಕೋ, ಬೆಳಿಗ್ಗೆ ಓಡೋದಿಲ್ವೇನೋ ಈಗ?"

ಅವನು ಹೊಟ್ಟೆ ಸವರಿಕೊಂಡು ಮಂಚದ ಮೇಲೆ ಕುಳಿತ.

"ಎಲ್ಲಿಗಿ ಓಡ್ಲಿ ಆಯಿ?"