ಮೊದಲನೆಯ ಸಾಲಿನ ಮೂಟೆ

ಎಲ್ಲ ತಾಪತ್ರಯಕ್ಕೂ ಮೂಲ ಲೆಕ್ಕಿಗರು ಬರೆದ ಒಂದೇ ಒಂದು ವಾಕ್ಯ: ‘ಈ ಸಾಂಕ್ರಾಮಿಕದ ಕಾಲದಲ್ಲಿ ನಮ್ಮ ಮನರಂಜನಾ ಪಾರ್ಕು ತೆರೆದರೆ ಆಗುವ ನಷ್ಟ, ಮುಚ್ಚಿಟ್ಟರೆ ಆಗುವ ನಷ್ಟಕ್ಕಿಂತ ಹೆಚ್ಚು.’

ಬರೆದಾಗ ಅವರಿಗೆ ಹೆಮ್ಮೆಯೇ ಆಗಿತ್ತು. ಮುಚ್ಚಿದ ಪಾರ್ಕಿಗೆ ಕಾವಲುಗಾರ ಮತ್ತು ತುಕ್ಕು, ಎರಡೇ ಖರ್ಚು. ತೆರೆದರೆ ಎಲ್ಲರಿಗೂ ಪೂರ್ತಿ ಸಂಬಳ, ಮೇಲೆ ನೂರೆಂಟು ಬಾಬತ್ತು. ಜನರನ್ನು ಮಾತ್ರ ಸರ್ಕಾರದ ನಿಯಮದಂತೆ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಕೂರಿಸಬೇಕು. ಇಷ್ಟನ್ನೂ ಕೂಡಿ ಕಳೆದು ಒಪ್ಪಿಸಿದ ಮೇಲೆ ಅವರಿಗೆ ಹೊಳೆಯಿತು: ಪಾರ್ಕೇ ಇಲ್ಲದಿದ್ದರೆ ಲೆಕ್ಕಿಗ ಯಾಕೆ? ತಾವು ಕೂತ ಕೊಂಬೆಯನ್ನು ತಾವೇ ಕಡಿದಿದ್ದರು, ಅದೂ ಅಳತೆ ಮಾಡಿ.

ಪಾರ್ಕಿನ ಯಜಮಾನಮ್ಮ ವರದಿ ಓದಿ ಕನ್ನಡಕ ತೆಗೆದರು. “ಒಂದು ದಿನ ತೆರೆದು ನೋಡೋಣ ಕಣ್ರೀ. ಆ ದಿನದ ಖರ್ಚು ಆ ದಿನವೇ ಹುಟ್ಟಿದ್ರೆ ಪಾರ್ಕು ಶುರು. ಇಲ್ಲ ಅಂದ್ರೆ ಬೀಗ, ಎಲ್ಲರೂ ಮನೆಗೆ.” ‘ಎಲ್ಲರೂ’ ಎನ್ನುವಾಗ ಅವರು ನೋಡಿದ್ದು ಲೆಕ್ಕಿಗರನ್ನೇ.

ಗೊತ್ತುಪಡಿಸಿದ ದಿನ ಬೆಳಿಗ್ಗೆ ಗೇಟು ತೆರೆಯಿತು. ಬಂದದ್ದು ಒಂದೇ ಕುಟುಂಬ: ಗಂಡ, ಹೆಂಡತಿ, ಅವರಿಬ್ಬರನ್ನೂ ಎಳೆದುಕೊಂಡು ಬಂದ ಅಜ್ಜಿ. ಅಜ್ಜಿ ನೇರವಾಗಿ ರೋಲರ್ ಕೋಸ್ಟರಿಗೆ ಬೆರಳು ತೋರಿಸಿದರು.

ಮೆಕ್ಯಾನಿಕ್ ತಲೆ ಕೆರೆದುಕೊಂಡ. “ಮೂರೇ ಜನಕ್ಕೆ ಇದು ಓಡಲ್ಲ ಅಜ್ಜಿ. ಭಾರ ಸಾಲದಿದ್ರೆ ಎರಡನೇ ಏರು ಹತ್ತಲ್ಲ. ನಡುವೆ ತಗ್ಗಿನಲ್ಲಿ ತೊಟ್ಟಿಲ ಹಾಗೆ ತೂಗ್ತಾ ನಿಂತುಬಿಡುತ್ತೆ.”

“ಭಾರ ತಾನೇ? ಏನಾದ್ರೂ ತುಂಬಪ್ಪ!”

ಪರೀಕ್ಷೆಗೆಂದು ಇಟ್ಟಿದ್ದ ಮರಳಿನ ಮೂಟೆಗಳು ಬಂದವು. ಬಿಡಬೇಕಾದ ಸಾಲಿನಲ್ಲಿ ಮೂಟೆ ಕೂತರೆ ನಿಯಮಕ್ಕೂ ಭಂಗವಿಲ್ಲ, ಮೂಟೆ ಕೆಮ್ಮುವುದಿಲ್ಲ. ಆದರೆ ಸೊಸೆ ಮುಖ ಸಿಂಡರಿಸಿದಳು. “ಇದೇನತ್ತೆ, ಗೂಡ್ಸ್ ಗಾಡಿ ಇದ್ದಂಗಿದೆ!”

ಉಡುಪಿನ ಕೋಣೆಯಿಂದ ದರ್ಜಿಯಕ್ಕ ಓಡಿಬಂದು ಮೂಟೆಗಳಿಗೆಲ್ಲ ಅಂಗಿ ತೊಡಿಸಿ, ಟೋಪಿ ಇಟ್ಟು, ಮಾಸ್ಕು ಕಟ್ಟಿದಳು. ದೂರದಿಂದ ನೋಡಿದರೆ ದೊಡ್ಡ ಸಂಸಾರವೊಂದು ಪ್ರವಾಸ ಹೊರಟಂತಿತ್ತು. ಮೊದಲ ಸಾಲಿನ ಮೂಟೆ ಮಾತ್ರ ಎತ್ತುವಾಗಲೇ ಹರಿದು ನೆಲದ ಪಾಲಾಯಿತು. ಮೆಕ್ಯಾನಿಕ್ ಸುತ್ತ ನೋಡಿದ. ಎಲ್ಲರಿಗೂ ಕೆಲಸವಿತ್ತು, ಲೆಕ್ಕಿಗರೊಬ್ಬರನ್ನು ಬಿಟ್ಟು.

“ಸಾರ್, ನಿಮ್ಮ ತೂಕ ಎಷ್ಟು?”

“ನಿನಗ್ಯಾಕಯ್ಯ ಅದು?”

“ಒಂದೂವರೆ ಮೂಟೆ,” ಎಂದಳು ದರ್ಜಿಯಕ್ಕ. “ನನ್ನ ಕಣ್ಣಳತೆ ತಪ್ಪಲ್ಲ.”

“ನೋಡಿ, ನಾನು ಏಣಿ ಹತ್ತಿ ಬಲ್ಬು ಕೂಡ ಹಾಕಿದವನಲ್ಲ...”

ಅಷ್ಟರಲ್ಲಿ ಅವರನ್ನು ಮೊದಲ ಸಾಲಿಗೆ ತಳ್ಳಿಯಾಗಿತ್ತು; ಸೀಟಿನ ಕಂಬಿ ಎದೆಗೆ ಬಂದು ಟಕ್ಕೆಂದಿತು. ಮೂಟೆಯ ಆಚೆಯಿಂದ ಅಜ್ಜಿ ಧೈರ್ಯ ಹೇಳಿದರು, “ಹೆದರ್ಬೇಡಪ್ಪ, ನಾನಿದೀನಿ.”

ಗಾಡಿ ಕಟಕಟನೆ ಮೇಲೇರಿತು. ತುದಿಯಲ್ಲಿ ಲೆಕ್ಕಿಗರಿಗೆ ಇಡೀ ಊರು ಕಂಡಿತು, ಗೇಟಿನಾಚೆಯ ಬಸ್ ಸ್ಟಾಪು ಕಂಡಿತು, ಆಮೇಲೆ ಎಂದೋ ತೀರಿಕೊಂಡ ಮುತ್ತಾತ ಕಂಡರು. ಆಗ ಮಾಸ್ಕನ್ನೂ ಲೆಕ್ಕಿಸದೆ ಅವರ ಗಂಟಲಿನಿಂದ ಹೊರಟ ಕೂಗು, ಎಣ್ಣೆ ಕಾಣದ ಗೇಟಿಗೂ ಕಾರ್ಖಾನೆಯ ಸೈರನ್ನಿಗೂ ಹುಟ್ಟಿದ ಕೂಸಿನಂತಿತ್ತು.

ತಿಂಗಳುಗಟ್ಟಲೆ ಆಂಬುಲೆನ್ಸಿನ ಸದ್ದನ್ನಷ್ಟೇ ಕೇಳಿದ್ದ ಬಸ್ ಸ್ಟಾಪಿನ ಜನ ಒಟ್ಟಿಗೆ ತಲೆಯೆತ್ತಿದರು.

“ಪಾರ್ಕು ತೆಗೆದಿದಾರೆ ಕಣೋ!”

“ಗಾಡಿ ತುಂಬ ಜನ ನೋಡು!”

“ಯಾರೋ ಪುಣ್ಯಾತ್ಮ ಭಾರಿ ಮಜಾ ಮಾಡ್ತಿದಾನೆ!”

ಗಾಡಿ ಕೆಳಗೆ ಬರುವಷ್ಟರಲ್ಲಿ ಟಿಕೆಟ್ ಕಿಟಕಿಯ ಮುಂದೆ ಸಾಲು ನಿಂತಿತ್ತು. ಇಳಿಯಲೆಂದು ತಮ್ಮ ಕಾಲುಗಳನ್ನು ಹುಡುಕುತ್ತಿದ್ದ ಲೆಕ್ಕಿಗರನ್ನು ಮೆಕ್ಯಾನಿಕ್ ಮತ್ತೆ ಒತ್ತಿ ಕೂರಿಸಿದ. “ಎಲ್ಲಿಗೆ ಸಾರ್? ನೀವು ಕೂಗಿದಷ್ಟೂ ಜನ ಬರ್ತಾರೆ.”

ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಮಧ್ಯಾಹ್ನ ಆರೋಗ್ಯಾಧಿಕಾರಿ ಬಂದವರೇ ಕಿಡಿಕಿಡಿಯಾದರು. “ಸಾಲು ಬಿಡಿ ಅಂದ್ರೆ ಭರ್ತಿ ತುಂಬಿದೀರಲ್ರೀ!”

“ನಡುನಡುವೆ ಇರೋದು ಮೂಟೆ ಸಾರ್. ಬೇಕಾದ್ರೆ ಚಿವುಟಿ ನೋಡಿ,” ಎಂದ ಮೆಕ್ಯಾನಿಕ್.

ಅಧಿಕಾರಿ ಒಂದನ್ನು ಚಿವುಟಿದರು, ಮರಳು. ಇನ್ನೊಂದು, ಮರಳೇ. ಮೊದಲ ಸಾಲಿನಲ್ಲಿ ಬಿಳುಚಿಕೊಂಡು ಒರಗಿದ್ದುದನ್ನು ಚಿವುಟಿದಾಗ ಅದು “ಅಯ್ಯಯ್ಯೋ” ಎಂದಿತು. ಅಧಿಕಾರಿ ಹಿಂದಕ್ಕೆ ನೆಗೆದರು.

“ಅದೊಂದಕ್ಕೆ ಜೀವ ಇದೆ ಸಾರ್.”

“ಅದರ ಹಿಂದಿನದು?”

“ಮೂಟೆ.”

“ಹಾಗಾದ್ರೆ ಸರಿ,” ಎಂದು ಎದೆ ನೀವಿಕೊಳ್ಳುತ್ತ ಅವರು ಹೊರಟರು.

ಸಂಜೆ ಲೆಕ್ಕಿಗರು ಗೋಡೆ ಹಿಡಿದು ಆಫೀಸು ಸೇರಿದರು. ತಲೆ ಇನ್ನೂ ಸುತ್ತುತ್ತಿತ್ತು. ಬೆಳಿಗ್ಗೆಯೇ ಬರೆದಿಟ್ಟಿದ್ದ ಖರ್ಚಿನ ಎದುರಿಗೆ ದಿನದ ವಸೂಲಿಯನ್ನು ಇಟ್ಟರು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು.

“ಹುಟ್ಟಿದೆ ಅಮ್ಮ! ಖರ್ಚು ಹುಟ್ಟಿದೆ! ನನ್ನ ವರದಿ ತಪ್ಪು!” ಎಂದರು, ಒಡೆದ ಕೊಳಲಿನಂಥ ದನಿಯಲ್ಲಿ. ತಪ್ಪು ಮಾಡಿ ಇಷ್ಟು ಸಂತೋಷಪಟ್ಟದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ದರ್ಜಿಯಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮೆಕ್ಯಾನಿಕ್ ಸಿಳ್ಳೆ ಹಾಕಿದ.

“ನಾಳೆಯಿಂದ ಪಾರ್ಕು ಶುರು,” ಎಂದರು ಯಜಮಾನಮ್ಮ. “ಆದ್ರೆ ತಪ್ಪು ಲೆಕ್ಕ ಬರೆಯೋರನ್ನ ಆಫೀಸಲ್ಲಿ ಕೂರಿಸಿಕೊಂಡು ಏನ್ಮಾಡ್ಲಿ? ಲೆಕ್ಕ ನಾನೇ ನೋಡ್ಕೋತೀನಿ. ನಿಮಗೆ ಸಂಬಳ ಅದೇ, ಕುರ್ಚಿ ಮಾತ್ರ ಬೇರೆ. ಮೊದಲನೇ ಸಾಲು.”

ಮರುದಿನ ಬೆಳಿಗ್ಗೆ ಬಸ್ ಸ್ಟಾಪಿನ ಜನ ಕಿವಿಗೊಟ್ಟು ನಿಂತಿದ್ದರು. ಗಾಡಿ ಮೇಲೇರಿತು. ಲೆಕ್ಕಿಗರು ಬಾಯಿ ತೆರೆದರು; ಆಕಳಿಕೆ ಬಂತು. ಹಿಂದಿನ ದಿನವಿಡೀ ಸುತ್ತಿ ಸುತ್ತಿ ಅವರ ಭಯವೆಲ್ಲ ಹಳೆಯ ಚಪ್ಪಲಿಯಂತೆ ಸವೆದುಹೋಗಿತ್ತು.

“ಕೂಗಿ ಸಾರ್!” ಮೂಟೆಯ ಹಿಂದೆ ಕೂತಿದ್ದ ಮೆಕ್ಯಾನಿಕ್ ಅಂಗಲಾಚಿದ. “ಇವತ್ತು ಒಬ್ಬರೂ ಬಂದಿಲ್ಲ!”

“ಕೂಗು ಬರ್ತಾ ಇಲ್ಲ ಕಣಯ್ಯ. ಇಲ್ಲಿ ಗಾಳಿ ಎಷ್ಟು ಹಾಯಾಗಿದೆ!”

ಮೆಕ್ಯಾನಿಕ್ ಒಂದು ಕ್ಷಣ ಯೋಚಿಸಿದ. “ಅಲ್ಲ ಸಾರ್, ನಿನ್ನೆ ಕರೆಂಟು ಖರ್ಚನ್ನ ನಾಲ್ಕೇ ಸುತ್ತಿಗೆ ಅಂತ ಬರೆದಿದ್ರಿ. ನಾವು ಸಂಜೆವರೆಗೂ ಸುತ್ತಿದ್ವಲ್ಲ, ಅದನ್ನ ತಿದ್ದಿದ್ರಾ?”

ಗಾಡಿ ತುದಿಯಲ್ಲಿ ಅರೆಗಳಿಗೆ ತಡೆಯಿತು. ಲೆಕ್ಕಿಗರಿಗೆ ಅಷ್ಟು ಸಾಕಾಯಿತು, ಮನಸ್ಸಿನಲ್ಲೇ ಗುಣಿಸಿ, ಕೂಡಿ, ಕಳೆಯಲು. ನಿನ್ನೆಯ ಖರ್ಚು ಹುಟ್ಟಿರಲೇ ಇಲ್ಲ.

ಆ ಕೂಗಿಗೆ ಬಸ್ ಸ್ಟಾಪಿನ ಜನ ಬಂದು ನಿಂತ ಬಸ್ಸನ್ನೂ ಬಿಟ್ಟು ಗೇಟಿನತ್ತ ಓಡಿದರು. ನಿನ್ನೆಗಿಂತ ಹೆಚ್ಚೇ ಇದ್ದರು.