ನಿರ್ಮಾಲ್ಯಕ್ಕೆ ಹೋದ ಕೀ

ನಮ್ಮ ಮನೆಯಲ್ಲಿ ಯಾವ ಸಾಮಾನೂ ತಾನೊಂದೇ ಕೆಡುವುದಿಲ್ಲ, ನಾಲ್ಕು ಮನೆಯವರನ್ನು ಸೇರಿಸಿಕೊಂಡೇ ಕೆಡುತ್ತದೆ. ಅದಕ್ಕೆ ಕಾರಣ ನಮ್ಮ ಯಜಮಾನರು. "ಇದೆಲ್ಲ ಮನೆಯಲ್ಲೇ ಮಾಡಬಹುದು" ಎನ್ನುವುದು ಅವರ ಬಾಯಲ್ಲಿ ಸದಾ ಇರುವ ಮಾತು. ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಈ ಮಾತು ಕೇಳಿಸಿದರೆ ಜನ ಮೊದಲು ಹೋಗಿ ಮೇನ್ ಸ್ವಿಚ್ ಆಫ್ ಮಾಡುತ್ತಾರೆ. ಗೀಸರ್ ಆಯಿತು, ಮಿಕ್ಸಿ ಆಯಿತು, ಈ ವರ್ಷ ಕಾರಿನ ಕೀಯ ಸರದಿ.

೧. ದೇವರ ಪಾಲು

ನಾವು ಉಡುಪಿ ಕಡೆಯವರು. ಆಯುಧಪೂಜೆಯ ದಿನ ಕತ್ತರಿ, ಸ್ಕ್ರೂಡ್ರೈವರ್, ಇವರ ಲ್ಯಾಪ್‌ಟಾಪ್ ಎಲ್ಲವೂ ದೇವರ ಮುಂದೆ ಸಾಲಾಗಿ ಕೂರುತ್ತವೆ. ಈ ಸಲ ಅತ್ತೆ ಕಾರಿನ ರಿಮೋಟ್ ಕೀಯನ್ನೂ ಇಟ್ಟು, ಅದು ಕಾಣದಷ್ಟು ಸೇವಂತಿಗೆ ಏರಿಸಿದರು. ಮರುದಿನ ಬೆಳಿಗ್ಗೆ ಬೇಗ ಎದ್ದು, ಬಾಡಿದ ಹೂವನ್ನೆಲ್ಲ ಬಾಚಿ ಚೀಲಕ್ಕೆ ತುಂಬಿ, ಕೆರೆಯ ಹತ್ತಿರ ನಿರ್ಮಾಲ್ಯಕ್ಕೆಂದೇ ಇಟ್ಟಿರುವ ದೊಡ್ಡ ಕಲಶಕ್ಕೆ ಹಾಕಿ ಬಂದರು.

ದಸರೆಗೂ ರಜೆ ಕೊಡದ ವಾಗ್ಳೆ ಎಸ್ಟೇಟಿನ ಆಫೀಸಿಗೆ ಹೊರಟ ಇವರು "ಕೀ ಎಲ್ಲಿ?" ಎಂದರು. ಅತ್ತೆ ದೇವರ ಮಂಟಪ ನೋಡಿದರು, ತಮ್ಮ ಕೈ ನೋಡಿಕೊಂಡರು, ಹಾಗೇ ನೆಲದ ಮೇಲೆ ಕೂತುಬಿಟ್ಟರು. "ಮಗಾ, ಹೂವಿನೊಟ್ಟಿಗೆ ಹೋಯ್ತು ಕಾಣ್ತದೆ."

ನಾನೂ ಇವರೂ ಕೆರೆಗೆ ಓಡಿದೆವು. ಅಷ್ಟರಲ್ಲಿ ಗಾಡಿ ಬಂದು ಹೂವನ್ನೆಲ್ಲ ಗೊಬ್ಬರ ಮಾಡಲು ಒಯ್ದಾಗಿತ್ತು. ಅಲ್ಲಿ ಗುಡಿಸುತ್ತಿದ್ದವನು ನಮ್ಮ ಕಥೆ ಪೂರ್ತಿ ಕೇಳಿ ಕೈ ಮುಗಿದ. "ದೇವಾಲಾಚ್ ಗೇಲೀ ನಾ? ಚಾಂಗಲಂ ಝಾಲಂ!" ದೇವರಿಗೇ ಹೋಯಿತಲ್ಲ, ಒಳ್ಳೆಯದೇ ಆಯಿತು ಎಂದು ನಮಗೇ ಸಮಾಧಾನ ಹೇಳಿ ಕಳಿಸಿದ.

೨. ಅರಚುವ ಕಾರು

ಮನೆಯಲ್ಲಿ ಇನ್ನೊಂದು ಕೀ ಇತ್ತು. ಅದರಲ್ಲಿ ಗುಂಡಿಗಿಂಡಿ ಇಲ್ಲ, ಬರೀ ಕಬ್ಬಿಣದ ಕೀ. ಅದನ್ನು ಬಾಗಿಲಿಗೆ ಹಾಕಿ ತಿರುಗಿಸಿದರೆ ನಮ್ಮ ಹಳೇ ಕಾರು ಯಜಮಾನನನ್ನೇ ಕಳ್ಳ ಎಂದು ತಿಳಿದು ಬಾಯಿ ಬಡಿದುಕೊಳ್ಳುತ್ತದೆ. ಮೊದಲ ದಿನ ಇಡೀ ಸೊಸೈಟಿ ಕಿಟಕಿಗೆ ಬಂತು. ಮರುದಿನ ಸೆಕ್ರೆಟರಿಯೇ ಮನೆಗೆ ಬಂದರು. ಮೂರನೆಯ ದಿನದಿಂದ ಯಾರೂ ಕಿಟಕಿಗೆ ಬರಲಿಲ್ಲ, ಇವರು ಆಫೀಸಿಗೆ ಹೊರಟರು ಎಂದು ಮಕ್ಕಳನ್ನು ಎಬ್ಬಿಸತೊಡಗಿದರು.

ನಗುವ ವಿಷಯವಲ್ಲ. ಆ ಭಾನುವಾರ ಘಣಸೋಲಿಯಲ್ಲಿ ನನ್ನ ನಾದಿನಿಯ ಮಗಳ ನಿಶ್ಚಿತಾರ್ಥ. ಅತ್ತೆ ತೊಡೆಯ ಮೇಲೆ ಬೆಳೆಸಿದ ಮೊಮ್ಮಗಳು ಅವಳು. ಅತ್ತೆ ಮಾತ್ರ, "ಮಂಗಲ ಕಾರ್ಯಕ್ಕೆ ಹೊರಡುವಾಗ ಹೀಗೆ ಅರಚುವ ಕಾರಿಗೆ ನಾನು ಹತ್ತುದಿಲ್ಲ" ಎಂದರು. ಬಾಡಿಗೆ ಕಾರು ಕರೆಸೋಣವೇ ಎಂದೆ. "ಮನೆಯಲ್ಲಿ ಕಾರು ಉಂಟು, ಬಾಡಿಗೆಯದ್ದರಲ್ಲಿ ಇಳಿದ್ರೆ ಬೀಗರು ಎಂತ ಎಣಿಸುವರು? ನೀವು ಹೋಗಿ ಬನ್ನಿ ಮಾರಾಯ್ತಿ. ಕೀ ಕಳೆದವಳು ನಾನೇ ಅಲ್ವಾ, ಮನೆಯಲ್ಲಿ ಇರ್ತೇನೆ."

ಹೀಗೆಂದು ಊಟದ ತಟ್ಟೆ ಅರ್ಧಕ್ಕೇ ಬಿಟ್ಟು ಎದ್ದರು. ಶೋರೂಮಿಗೆ ಫೋನ್ ಮಾಡಿದರೆ ಹೊಸ ರಿಮೋಟ್ ಬರಲು ದೀಪಾವಳಿ ಕಳೆಯಬೇಕಂತೆ. ಆಗ ನಮ್ಮ ಯಜಮಾನರು ಶರ್ಟಿನ ತೋಳು ಮಡಿಸಿದರು. ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಗೊತ್ತಾಯ್ತು. ಮನೆಯಲ್ಲೇ ಮಾಡಬಹುದು."

೩. ಗಾಡಿಯೊಳಗಿನ ಜಗಳ

ಶನಿವಾರ ಕಲ್ಯಾಣದ ಬಜಾರಿನಿಂದ ಹೊಸ ರಿಮೋಟ್ ಬಂತು. ಅದಕ್ಕೆ ಕೀ ಕೂಡ ಅಲ್ಲೇ ಕೊರೆಸಿ ತಂದರು. ಇನ್ನು ಕಾರಿಗೂ ರಿಮೋಟಿಗೂ ಪರಿಚಯ ಮಾಡಿಸುವುದೊಂದೇ ಬಾಕಿ. ವಿಡಿಯೋದಲ್ಲಿ ಎಲ್ಲವೂ ಸಲೀಸು. ಕಾರಿನೊಳಗೆ ಕೂತು ಬಾಗಿಲೆಲ್ಲ ಮುಚ್ಚಬೇಕು. ಕೀಯನ್ನು ಆನ್, ಆಫ್, ಆನ್, ಆಫ್ ಎಂದು ತಿರುಗಿಸಬೇಕು. ಕಾರು ತಯಾರಾದರೆ ಬಾಗಿಲಿನ ಲಾಕು 'ಖಟಕ್' ಎನ್ನುತ್ತದೆ. ಕೂಡಲೇ ರಿಮೋಟಿನ ಗುಂಡಿ ಒತ್ತಬೇಕು. ಕಾರು ಅದನ್ನು ಒಪ್ಪಿಕೊಂಡರೆ ಮತ್ತೊಮ್ಮೆ 'ಖಟಕ್'. ನಡುವೆ ಯಾರಾದರೂ ಬಾಗಿಲು ತೆರೆದರೆ ಮಾತ್ರ ಎಲ್ಲ ಮೊದಲಿನಿಂದ.

ನಾನು ಮೊಬೈಲ್ ನೋಡಿ ಹೇಳುವುದು, ಇವರು ತಿರುಗಿಸುವುದು. "ಆನ್ ಅಂದ್ರೆ ಆನ್ ಮಾಡಿ!" ಎಂದು ನಾನು, "ನೀನು ಮೊದಲು ಸರಿಯಾಗಿ ಓದು!" ಎಂದು ಇವರು. ಗಾಜು ಏರಿಸಿದ್ದರಿಂದ ಹೊರಗಿನವರಿಗೆ ಮಾತು ಕೇಳಿಸುವುದಿಲ್ಲ, ಕೈ ಬೀಸುವುದಷ್ಟೇ ಕಾಣುತ್ತದೆ. ಇನ್ನೇನು ಖಟಕ್ ಎನ್ನಬೇಕು, ನೆಲಮಹಡಿಯ ಮರಾಠಿ ಚಿಕ್ಕಮ್ಮ, ಸೊಸೈಟಿಗೆಲ್ಲ 'ಕಾಕು', ಫಟ್ಟನೆ ಬಾಗಿಲು ತೆರೆದು ನನ್ನ ಕೈ ಹಿಡಿದರು. "ಭಾಂಡಣ್ ಘರೀ ಕರಾ ಗಂ, ಗಾಡೀತ್ ನಕೋ!" ಜಗಳ ಮನೆಯಲ್ಲಿ ಆಡಿ, ಗಾಡಿಯಲ್ಲಿ ಬೇಡ ಎನ್ನುವುದು ಅವರ ಬುದ್ಧಿವಾದ. ಜಗಳವಲ್ಲ, ಕೀ ಪ್ರೋಗ್ರಾಮ್ ಮಾಡುತ್ತಿದ್ದೇವೆ ಎಂದೆ. "ಹೋ, ಮಾಝೇ ಮಿಸ್ಟರ್‌ಪಣ್ ಅಸಂಚ್ ಸಾಂಗತಾತ್" ಎಂದರು. ಅವರ ಗಂಡನೂ ಹೀಗೇ ಹೇಳುತ್ತಾರಂತೆ.

೪. ಖಟಕ್

ಎರಡನೆಯ ಮಹಡಿಯ ಹುಬ್ಬಳ್ಳಿಯವರು ಇದನ್ನೆಲ್ಲ ನೋಡುತ್ತಿದ್ದರು. ಕಳಂಬೋಲಿಯಲ್ಲಿ ಕಬ್ಬಿಣದ ವ್ಯಾಪಾರ ಅವರದು. ನಮ್ಮದೇ ಕಂಪನಿಯ ಕಾರು ಅವರದೂ. ಕೈಯಲ್ಲಿ ಸದಾ ಕಾರಿನ ಕೀ ಇರಬೇಕು, ಮಾತಾಡುತ್ತಾ ಅದರ ಗುಂಡಿ ಒತ್ತುತ್ತಿರಬೇಕು. ಅವರು ಸೊಸೈಟಿಯ ಮೀಟಿಂಗಿನಲ್ಲಿ ಭಾಷಣ ಮಾಡಿದರೆ ಪಾರ್ಕಿಂಗಿನಲ್ಲಿ ಅವರ ಕಾರು ಪೀಂ ಪೀಂ ಎನ್ನುತ್ತಿರುತ್ತದೆ.

"ಬಾಗಲಾ ನಾ ಕಾಯ್ತೀನ್ರೀ. ಯಾರ್ ತಗೀತಾರ ನೋಡೇಬಿಡೂಣು!" ಎಂದು ನಮ್ಮ ಹಿಂದಿನ ಸೀಟಿನಲ್ಲಿ ಬಂದು ಕೂತರು. ಮತ್ತೆ ಆನ್, ಆಫ್. ಕಾರು ಖಟಕ್ ಎಂದಿತು. "ಒತ್ತರೀ ಸರ, ಒತ್ತರೀ!" ಎಂದು ಹುಬ್ಬಳ್ಳಿಯವರು ಹಿಂದಿನಿಂದ ಕೂಗಿದರು. ಇವರು ಒತ್ತಿದರು. ಮತ್ತೆ ಖಟಕ್! ಮೂವರೂ ಹೋ ಎಂದು ಕೂಗಿದೆವು. ಪರೀಕ್ಷೆ ಮಾಡಿ ನೋಡಿ ಎಂದೆ. ಕಾಣಿಸಿಕೊಂಡ ದೇವರನ್ನು ಪರೀಕ್ಷೆ ಮಾಡಬಾರದಂತೆ, ಇವರು ನೇರ ಮೇಲೆ ಹೋಗಿ ಅತ್ತೆಗೆ ಸುದ್ದಿ ಮುಟ್ಟಿಸಿದರು. ಅತ್ತೆ ಅಂದೇ ರೇಷ್ಮೆ ಸೀರೆ ತೆಗೆದಿಟ್ಟು, ಆ ದಿನ ಹೊಟ್ಟೆ ತುಂಬ ಉಂಡರು.

೫. ಭಾನುವಾರ

ಸೀರೆ ಉಟ್ಟು, ಮಲ್ಲಿಗೆ ಮುಡಿದು, ಹಣ್ಣಿನ ತಟ್ಟೆ ಹಿಡಿದು ಕಾರಿನ ಮುಂದೆ ನಿಂತೆವು. ಇವರು ಗುಂಡಿ ಒತ್ತಿದರು. ಕಾರು ಮಾತಾಡಲಿಲ್ಲ. ಹತ್ತಿರ ಹೋಗಿ ಒತ್ತಿದರು, ದೂರ ಹೋಗಿ ಒತ್ತಿದರು. ಅತ್ತೆಯ ಮುಖ ಬಾಡತೊಡಗಿತು.

ಅಷ್ಟರಲ್ಲಿ ಬಾಗಿಲಿನ ಲಾಕು ಖಟಕ್ ಎಂದು ತೆರೆದುಕೊಂಡಿತು. "ನೋಡಿದ್ರಾ! ಸ್ವಲ್ಪ ನಿಧಾನವಾಗಿ ಕೇಳ್ತದೆ, ಅಷ್ಟೇ" ಎಂದರು ಇವರು. ಎರಡು ಕ್ಷಣ ಬಿಟ್ಟು ಲಾಕು ತಾನಾಗಿಯೇ ಬಿತ್ತು. ಮತ್ತೆ ತೆರೆಯಿತು. ಆಚೆ ಹುಬ್ಬಳ್ಳಿಯವರು ವಾಚ್‌ಮನ್ ಜೊತೆ ಮಾತಾಡುತ್ತಾ ತಮ್ಮ ಕೀಯ ಗುಂಡಿ ಒತ್ತುತ್ತಿದ್ದರು. ಮೊದಲು ಅರ್ಥವಾದದ್ದು ಅತ್ತೆಗೆ. "ಮಗಾ, ನಮ್ಮ ಕಾರು ಈಗ ಅವರ ಮಾತು ಕೇಳ್ತದೆ."

ಇವರು ಹೊಸ ರಿಮೋಟನ್ನು ಬಿಚ್ಚಿದರು. ಸೆಲ್ಲಿನ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಎಳೆದು ತೆಗೆದೇ ಇರಲಿಲ್ಲ. ಅದಕ್ಕೆ ಇನ್ನೂ ಜೀವವೇ ಬಂದಿರಲಿಲ್ಲ. ಹಿಂದಿನ ದಿನ ನಮ್ಮ ಕಾರು ಖಟಕ್ ಎಂದು ಒಪ್ಪಿಕೊಂಡದ್ದು ಹಿಂದಿನ ಸೀಟಿನವರ ಕೀಯನ್ನು!

ಮತ್ತೆ ಆನ್ ಆಫ್ ಶುರು ಮಾಡಲು ಹೊತ್ತಿರಲಿಲ್ಲ. ಶಿಲ್‌ಫಾಟಾದ ಟ್ರಾಫಿಕ್ಕಿನಲ್ಲಿ ಮುಹೂರ್ತವೇ ಮೀರುತ್ತದೆ. ಇವತ್ತೊಂದು ದಿನ ನಿಮ್ಮ ಕೀ ಕೊಡಿ ಎಂದು ಇವರು ಕೈಯೊಡ್ಡಿದರು. ಹುಬ್ಬಳ್ಳಿಯವರು ಕೀಯನ್ನು ಎದೆಗೆ ಒತ್ತಿಕೊಂಡರು. "ನನ್ನ ಕೀ ನಾ ಹೆಂಡ್ತಿ ಕೈಯಾಗೂ ಕೊಡಂಗಿಲ್ರೀ. ಬೇಕಾದ್ರ ನಾನ ಬರ್ತೀನಿ, ತಡೀರಿ, ಧೋತರಾ ಉಟ್ಕೊಂಡು ಬರ್ತೀನಿ!"

ಹೀಗೆ ಅವರು ಬಂದರು. ಗರಿಗರಿ ಧೋತರ, ಕರಿ ಕೋಟು. ಘಣಸೋಲಿಯ ಹಾಲ್ ಮುಂದೆ ಇಳಿದು ಗತ್ತಿನಿಂದ ಗುಂಡಿ ಒತ್ತಿ ನಮ್ಮ ಕಾರಿಗೆ ಬೀಗ ಹಾಕಿದರು. ಬೀಗರ ಕಡೆಯವರು ಅವರನ್ನು ಯಾರೋ ದೊಡ್ಡವರೆಂದು ಮುಂದಿನ ಸಾಲಿನಲ್ಲಿ ಕೂರಿಸಿ, ಪನ್ನೀರು ಚಿಮುಕಿಸಿ, ಮೊದಲ ತಾಂಬೂಲ ಅವರಿಗೇ ಕೊಟ್ಟರು. ಮೊಮ್ಮಗಳಿಗೆ ಉಂಗುರ ತೊಡಿಸುವುದನ್ನು ಅತ್ತೆ ಕಣ್ತುಂಬ ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಊಟದ ಹೊತ್ತಿಗೆ ಹುಡುಗನ ತಂದೆ ಅತ್ತೆಯ ಹತ್ತಿರ ಬಂದರು. ಮೂರನೆಯ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದ ಹುಬ್ಬಳ್ಳಿಯವರನ್ನು ತೋರಿಸಿ, "ಇವರು ಹುಡುಗಿಗೆ ಏನಾಗಬೇಕು?" ಎಂದು ವಿನಯದಿಂದ ಕೇಳಿದರು.

ಅತ್ತೆಗೆ ಸುಳ್ಳು ಹೇಳಿ ಗೊತ್ತಿಲ್ಲ.

"ಹುಡುಗಿಗೆ ಏನೂ ಆಗ್ಬೇಕಾದ್ದಿಲ್ಲ. ನಮ್ಮ ಕಾರಿಗೆ ಕೀ ಆಗ್ಬೇಕು" ಎಂದರು.